ಹೊಂಗೆ ಬೀಜದೊಳಗೆ ಏನಿದೆ ಎಂದು ಹುಡುಕಿದ ಮೇಷ್ಟ್ರು: ಪ್ರೊ. ಟಿ. ಆರ್. ಶೇಷಾದ್ರಿ

ಈ ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಹಿರಿಯರು ಕೇಳಿದಾಗ, ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆಯೋ ಸರ್ ಸಿ. ವಿ. ರಾಮನ್ ಅವರ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದಿರಬಹುದು. ಅವರಿಬ್ಬರ ಬಗ್ಗೆ ನಮ್ಮ ಶಾಲೆಯಲ್ಲಿ ಓದಿದ ಯಾರನ್ನು ಎಬ್ಬಿಸಿ ಕೇಳಿದರೂ ಹತ್ತು ನಿಮಿಷ ಭಾಷಣ ಮಾಡಬಲ್ಲರು, ಪ್ರತಿಭಾ ಕಾರಂಜಿಯಲ್ಲಿ ಅಷ್ಟು ಸಲ ಮಾಡಿದ್ದೇವೆ. ನಾನು ಆರಿಸಿಕೊಂಡದ್ದು ಪ್ರೊಫೆಸರ್ ಟಿ. ಆರ್. ಶೇಷಾದ್ರಿಯವರನ್ನು. ರಸಾಯನ ವಿಜ್ಞಾನಿಗಳ ನಡುವೆ ಬಹಳ ದೊಡ್ಡ ಹೆಸರು. ನಾವು ಓದಿದ ಪಠ್ಯಪುಸ್ತಕಗಳಲ್ಲಿ ಮಾತ್ರ ಇರಲಿಲ್ಲ. ಅವರು ನಮ್ಮ ಜಿಲ್ಲೆಯವರಲ್ಲ, ಕನ್ನಡದವರೂ ಅಲ್ಲ. ಆದರೆ ಅವರು ಜೀವಮಾನವಿಡೀ ಪರೀಕ್ಷಿಸಿದ ಗಿಡಮರಗಳು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹೊಲದ ಬದುಗಳಲ್ಲಿ ಇವತ್ತಿಗೂ ನಿಂತಿವೆ. ಅವುಗಳಲ್ಲಿ ಒಂದು ನಮ್ಮ ಶಾಲೆಯ ಕಾಂಪೌಂಡಿನ ಒಳಗೇ ಇದೆ.

ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕೆಲವು ವರ್ಷಗಳ ಹಿಂದೆ ಸಸ್ಯಗಳಲ್ಲಿರುವ ರಾಸಾಯನಿಕ ಸಂಯುಕ್ತಗಳ ಪಟ್ಟಿಯೊಂದನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ ನಮ್ಮ ತಂಡಕ್ಕೆ ಬಂತು. ಸಾವಿರಾರು ಸಾಲುಗಳು, ಒಂದೊಂದು ಸಾಲಿನಲ್ಲಿ ಒಂದು ಸಂಯುಕ್ತದ ಹೆಸರು, ಅದು ಸಿಗುವ ಗಿಡ, ಅದನ್ನು ಮೊದಲು ಗುರುತಿಸಿದವರು. ಕರಂಜಿನ್ ಎಂಬ ಸಾಲಿನ ಮುಂದೆ ಇದ್ದ ಗಿಡದ ಲ್ಯಾಟಿನ್ ಹೆಸರನ್ನು ಹುಡುಕಿ ನೋಡಿದರೆ ಅದು ನಮ್ಮ ಹೊಂಗೆ! ಆಮೇಲೆ ಗಮನಿಸುತ್ತಾ ಹೋದೆ. ಮುತ್ತುಗ, ಪುಂಡಿ, ಹೂವರಸಿ, ಚೆಂಡುಹೂ, ಹೊನ್ನೆ, ಅಡುಗೆಮನೆಯ ಕಲ್ಲುಹೂ. ಎಲ್ಲಿ ನೋಡಿದರೂ ಶೇಷಾದ್ರಿ ಎಂಬ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಯಾರಪ್ಪಾ ಈ ಮನುಷ್ಯ ಎಂದು ಓದತೊಡಗಿದ್ದೇ ಈ ಲೇಖನಕ್ಕೆ ಮೂಲ.

ತಿರುವೆಂಗಡಂ ರಾಜೇಂದ್ರಂ ಶೇಷಾದ್ರಿ ಹುಟ್ಟಿದ್ದು 1900ನೇ ಇಸವಿ ಫೆಬ್ರವರಿ 3ರಂದು, ತಮಿಳುನಾಡಿನ ಕುಳಿತಲೈ ಎಂಬ ಚಿಕ್ಕ ಊರಿನಲ್ಲಿ. ತಿರುಚಿರಾಪಳ್ಳಿಗೆ ಪಶ್ಚಿಮದಲ್ಲಿ ಕಾವೇರಿಯ ದಂಡೆಯ ಮೇಲಿರುವ ಊರು ಅದು. ತಂದೆ ಅಲ್ಲಿನ ಶಾಲೆಯಲ್ಲಿ ಉಪಾಧ್ಯಾಯರು. ಐದು ಗಂಡುಮಕ್ಕಳಲ್ಲಿ ಶೇಷಾದ್ರಿ ಮೂರನೆಯವರು. ಆ ಕಾಲದ ಶಾಲಾ ಮೇಷ್ಟ್ರ ಸಂಬಳದಲ್ಲಿ ಐದು ಮಕ್ಕಳನ್ನು ಓದಿಸುವುದೆಂದರೆ ಏನೆಂದು ಈ ಸಂಚಿಕೆ ಓದುವ ನಿವೃತ್ತ ಗುರುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಶ್ರೀರಂಗ ಮತ್ತು ತಿರುಚಿರಾಪಳ್ಳಿಯಲ್ಲಿ ಶಾಲೆಯ ಓದು ಮುಗಿಸಿ 1917ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು.

ಮದರಾಸಿನಲ್ಲಿ ಊಟ, ವಸತಿಗೆ ಆಧಾರವಾದದ್ದು ಮೈಲಾಪುರದ ರಾಮಕೃಷ್ಣ ಮಿಷನ್ ವಿದ್ಯಾರ್ಥಿ ನಿಲಯ. ಬಡ ಹುಡುಗರಿಗಾಗಿ 1905ರಲ್ಲಿ ತೆರೆದ ನಿಲಯ ಅದು. ಪಾವಗಡದ ರಾಮಕೃಷ್ಣ ಸೇವಾಶ್ರಮದ ಕೆಲಸ ನೋಡಿದವರಿಗೆ ಇಂಥ ಆಸರೆಯ ಬೆಲೆ ಗೊತ್ತಿರುತ್ತದೆ. ನಮ್ಮ ಶಾಲೆಯ ಎಷ್ಟೋ ಹುಡುಗರು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ, ಡಿಗ್ರಿ ಮುಗಿಸಿದಂತೆ ಶೇಷಾದ್ರಿ ರಸಾಯನಶಾಸ್ತ್ರದಲ್ಲಿ ಆನರ್ಸ್ ಮುಗಿಸಿದರು. ಪದವಿ ಪಡೆದ ಮೇಲೆ ಒಂದು ವರ್ಷ ಮಿಷನ್ನಿನ ಕೆಲಸದಲ್ಲೇ ಕಳೆದರು. ಅನ್ನ ಹಾಕಿದ ಮನೆಗೆ ಒಂದು ವರ್ಷ ದುಡಿದುಕೊಟ್ಟರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆಮೇಲೆ ಪ್ರೆಸಿಡೆನ್ಸಿ ಕಾಲೇಜಿಗೆ ಮರಳಿ, ಬಿಮನ್ ಬಿಹಾರಿ ಡೇ ಎಂಬ ಬಂಗಾಳಿ ಪ್ರಾಧ್ಯಾಪಕರ ಕೈಕೆಳಗೆ ಸಂಶೋಧನೆ ಆರಂಭಿಸಿದರು. ಡೇ ಅವರಿಗೆ ಕೂಮರಿನ್ ಎಂಬ ಸಸ್ಯಮೂಲದ ಸಂಯುಕ್ತಗಳಲ್ಲಿ ಪರಿಣತಿ. ಶಿಷ್ಯನಿಗೂ ಗಿಡಗಳ ರಸಾಯನದ ರುಚಿ ಹತ್ತಿದ್ದು ಅಲ್ಲಿಯೇ.

1927ರಲ್ಲಿ ಮದರಾಸು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋದರು. ಗುರು ರಾಬರ್ಟ್ ರಾಬಿನ್ಸನ್. ಸಸ್ಯಜನ್ಯ ವಸ್ತುಗಳ ಕುರಿತ ಸಂಶೋಧನೆಗೆ 1947ರಲ್ಲಿ ನೊಬೆಲ್ ಪಡೆದವರು ಇವರೇ. ಅಲ್ಲಿ ಶೇಷಾದ್ರಿ ಮಲೇರಿಯಾ ಔಷಧಗಳ ಮೇಲೂ ಹೂವುಗಳಿಗೆ ಕೆಂಪು, ನೀಲಿ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವಸ್ತುಗಳ ಮೇಲೂ ಕೆಲಸ ಮಾಡಿ 1929ರಲ್ಲಿ ಪಿಎಚ್.ಡಿ. ಪಡೆದರು. ಊರಿಗೆ ಹೊರಡುವ ಮುನ್ನ ಮಾಡಿದ ಇನ್ನೊಂದು ಕೆಲಸ ಪದವಿಯಷ್ಟೇ ಮುಖ್ಯವಾದದ್ದು ಎಂದು ನನಗೆ ತೋರುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಫ್ರಿಟ್ಜ್ ಪ್ರೆಗ್ಲ್ ಎಂಬ ವಿಜ್ಞಾನಿ ಇದ್ದರು. ಕೆಲವೇ ಮಿಲಿಗ್ರಾಂ ವಸ್ತು ಇಟ್ಟುಕೊಂಡು ಅದರಲ್ಲಿ ಕಾರ್ಬನ್ ಎಷ್ಟು, ಹೈಡ್ರೋಜನ್ ಎಷ್ಟು ಎಂದು ನಿಖರವಾಗಿ ಅಳೆಯುವ ವಿಧಾನ ರೂಪಿಸಿ 1923ರಲ್ಲಿ ನೊಬೆಲ್ ಪಡೆದವರು. ಶೇಷಾದ್ರಿ ಅವರ ಬಳಿ ಹೋಗಿ ಆ ಕೈಚಳಕ ಕಲಿತರು. ಎಡಿನ್‌ಬರೋದಲ್ಲಿ ಜಾರ್ಜ್ ಬಾರ್ಜರ್ ಅವರೊಡನೆ ಸ್ವಲ್ಪ ಕಾಲ ಆಲ್ಕಲಾಯ್ಡ್‌ಗಳ ಮೇಲೆ ದುಡಿದರು. ಒಂದು ಗೋಣಿಚೀಲ ಹೂವಿನಿಂದ ಚಿಟಿಕೆ ಪುಡಿ ಮಾತ್ರ ಸಿಗುವ ಕೆಲಸದಲ್ಲಿ ಪ್ರೆಗ್ಲ್ ಅವರ ವಿದ್ಯೆ ಇಲ್ಲದಿದ್ದರೆ ಮುಂದಿನ ಯಾವುದೂ ಸಾಗುತ್ತಿರಲಿಲ್ಲ.

1930ರಲ್ಲಿ ಭಾರತಕ್ಕೆ ಮರಳಿದರು. ನೊಬೆಲ್ ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ಪಳಗಿ ಬಂದವರಿಗೆ ಇಲ್ಲಿ ತಕ್ಕ ಹುದ್ದೆ ಕಾದಿರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಸಂಶೋಧನಾ ವೇತನದಲ್ಲಿ ಸ್ವಲ್ಪ ಕಾಲ, ಕೊಯಮತ್ತೂರಿನ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕಳೆದರು. 1933ರಲ್ಲಿ ವಿಶಾಖಪಟ್ಟಣದ ವಾಲ್ಟೇರಿನಲ್ಲಿದ್ದ ಆಂಧ್ರ ವಿಶ್ವವಿದ್ಯಾನಿಲಯ ರಸಾಯನ ವಿಭಾಗದ ಹೊಣೆ ಕೊಟ್ಟು ಕರೆಯಿತು. ಆಗ ಅಲ್ಲಿನ ಉಪಕುಲಪತಿಗಳು ಹಿಂದೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ರಾಧಾಕೃಷ್ಣನ್. ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1926ರಲ್ಲಿ. ವಿಜ್ಞಾನದ ವಿಭಾಗಗಳು ಇನ್ನೂ ಎಳೆಯವು. ಶೇಷಾದ್ರಿಯವರು ಹೆಚ್ಚುಕಡಿಮೆ ಬುಡದಿಂದ ಕಟ್ಟಬೇಕಾಯಿತು. 1937ರಲ್ಲಿ ಪ್ರೊಫೆಸರ್ ಆದರು. ಮುಂದೆ ಅಲ್ಲಿ ರಾಸಾಯನಿಕ ತಂತ್ರಜ್ಞಾನ, ಔಷಧ ರಸಾಯನ ವಿಭಾಗಗಳು ತಲೆಯೆತ್ತಿದ್ದೂ ಅವರ ಕಾಲದಲ್ಲಿಯೇ.

ಹೊಸ ಪ್ರಯೋಗಾಲಯ, ಕಡಿಮೆ ಹಣ, ಉತ್ಸಾಹಿ ಹುಡುಗರು. ದುಬಾರಿ ರಾಸಾಯನಿಕಗಳನ್ನು ವಿದೇಶದಿಂದ ತರಿಸುವುದು ಕಷ್ಟ. ಶೇಷಾದ್ರಿಯವರು ಸುತ್ತಮುತ್ತ ಬೆಳೆಯುವ ಗಿಡಗಳನ್ನೇ ಹಿಡಿದರು. ಹತ್ತಿ ಹೂವಿನ ಹಳದಿ ಏನು? ಪುಂಡಿ ಹೂವಿನ ಹಳದಿಗೂ ಅದಕ್ಕೂ ಏನು ಸಂಬಂಧ? ಹೂವರಸಿಯ ಹೂ ಬೆಳಿಗ್ಗೆ ಹಳದಿಯಾಗಿ ಅರಳಿ ಬಾಡುವಾಗ ಕೆಂಪಗಾಗುವುದನ್ನು ನಾವೆಲ್ಲ ನೋಡಿದ್ದೇವೆ, ಅದರ ಪಕಳೆಯಲ್ಲಿ ಇರುವುದೇನು? ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನಲ್ಲಿ? ಹೂ ಬಿಡುವ ಕಾಲಕ್ಕೆ ಶಿಷ್ಯರು ಪಕಳೆ ಕೂಡಿಸುವುದು, ಒಣಗಿಸುವುದು, ಆಲ್ಕೋಹಾಲಿನಲ್ಲಿ ಕುದಿಸಿ ಸಾರ ತೆಗೆಯುವುದು, ಅದನ್ನು ಹರಳುಗಟ್ಟಿಸಿ ಶುದ್ಧ ಮಾಡುವುದು, ಆಮೇಲೆ ಆ ಹರಳಿನ ರಚನೆ ಕಂಡುಹಿಡಿಯುವುದು. ಹೇಳಲಿಕ್ಕೆ ಎರಡು ಸಾಲು. ಒಂದೊಂದು ಹೂವಿಗೂ ವರ್ಷಗಟ್ಟಲೆ ಹಿಡಿಯಿತು.

ಈ ಹಳದಿ ವಸ್ತುಗಳಿಗೆ ಒಟ್ಟಾರೆ ಫ್ಲೇವನಾಯ್ಡ್‌ಗಳು ಎನ್ನುತ್ತಾರೆ. ಆರು ಕಾರ್ಬನ್ನಿನ ಎರಡು ಉಂಗುರ, ಅವೆರಡನ್ನೂ ಜೋಡಿಸುವ ಮೂರು ಕಾರ್ಬನ್ನಿನ ಸೇತುವೆ. ಎತ್ತಿನಗಾಡಿಯ ಎರಡು ಚಕ್ರ ಮತ್ತು ಅಚ್ಚು ಎಂದುಕೊಳ್ಳಿ. ಈ ಚೌಕಟ್ಟಿನ ಯಾವ ಮೂಲೆಗೆ ಆಕ್ಸಿಜನ್ ಅಂಟಿದೆ, ಎಲ್ಲಿ ಸಕ್ಕರೆಯ ತುಣುಕು ನೇತಾಡುತ್ತಿದೆ ಎಂಬುದರ ಮೇಲೆ ವಸ್ತುವಿನ ಬಣ್ಣ, ರುಚಿ, ಗುಣ ಎಲ್ಲ ಬದಲಾಗುತ್ತವೆ. ಗಿಡಕ್ಕೆ ಇವು ಬಿಸಿಲಿನ ಅತಿನೇರಳೆ ಕಿರಣಗಳಿಂದ ರಕ್ಷಣೆ, ದುಂಬಿಗಳಿಗೆ ಆಹ್ವಾನ, ಕೆಲವು ಸಲ ಹುಳುಗಳಿಗೆ ವಿಷ. ನಮ್ಮ ಔಷಧಿ ಸಸ್ಯಗಳಲ್ಲಿ ಹೆಚ್ಚಿನವುಗಳಲ್ಲಿ ಈ ಬಳಗದ ಯಾವುದಾದರೂ ಒಂದು ಇದ್ದೇ ಇರುತ್ತದೆ.

ಈಗ ಹೊಂಗೆಗೆ ಬರುತ್ತೇನೆ. ನಮ್ಮ ಕಡೆ ಹೊಂಗೆ ಬಗ್ಗೆ ಗೊತ್ತಿಲ್ಲದವರು ಇಲ್ಲ. ಸೊಪ್ಪು ಗದ್ದೆಗೆ, ನೆರಳು ದನಕ್ಕೆ, ಎಣ್ಣೆ ದೀಪಕ್ಕೆ ಮತ್ತು ತುರಿಕಜ್ಜಿಗೆ, ಹಿಂಡಿ ತೋಟಕ್ಕೆ. ಬರಗಾಲದಲ್ಲೂ ಹಸಿರಾಗಿರುವ ಮರ ಅದು. ಅಜ್ಜಂದಿರ ಕಾಲದಲ್ಲಿ ಕಾಯಿ ಜಜ್ಜಿ ಕುಂಟೆಯ ನೀರಿಗೆ ಹಾಕಿ, ಮಂಪರು ಹಿಡಿದು ತೇಲುವ ಮೀನುಗಳನ್ನು ಬಾಚಿಕೊಳ್ಳುತ್ತಿದ್ದರು. ಇಷ್ಟೆಲ್ಲ ಬಳಕೆ ಇದ್ದರೂ ಒಳಗಿರುವ ವಸ್ತು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಪುಣೆಯ ಡಿ. ಬಿ. ಲಿಮಯೆ ಎಂಬ ರಸಾಯನ ವಿಜ್ಞಾನಿ 1920ರ ದಶಕದಲ್ಲಿ ಹೊಂಗೆ ಎಣ್ಣೆಯಿಂದ ಬಿಳಿಯ ಹರಳೊಂದನ್ನು ಬೇರ್ಪಡಿಸಿ, ಸಂಸ್ಕೃತದ ಕರಂಜ ಎಂಬ ಹೆಸರಿನಿಂದ ಅದಕ್ಕೆ ಕರಂಜಿನ್ ಎಂದು ಹೆಸರಿಟ್ಟರು. ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎಲ್. ಮಂಜುನಾಥ್ ಮತ್ತು ಅವರ ಸಂಗಡಿಗರೂ 1930ರ ದಶಕದಲ್ಲಿ ಅದರ ಬೆನ್ನು ಹತ್ತಿದ್ದರು. ವಾಲ್ಟೇರಿನಲ್ಲಿ ಶೇಷಾದ್ರಿಯವರು 1940ರ ದಶಕದ ಆರಂಭದಲ್ಲಿ ಕರಂಜಿನ್ನನ್ನು ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದರು. ಅದೇ ಎಣ್ಣೆಯಿಂದ ಅವರೂ ಎಸ್. ರಂಗಸ್ವಾಮಿ ಎಂಬ ಸಹೋದ್ಯೋಗಿಯೂ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಅದರ ಹೆಸರು ಪೊಂಗಮಾಲ್, ತಮಿಳಿನ ಪುಂಗಂ ಎಂಬುದರ ಜಾಡಿನ ಹೆಸರು. ಸಂಸ್ಕೃತಕ್ಕೊಂದು, ತಮಿಳಿಗೊಂದು ಹಂಚಿಕೆಯಾಯಿತು. ಕನ್ನಡದ ಹೊಂಗೆಗೆ ಪಾಲು ಸಿಗಲಿಲ್ಲ ಎಂಬುದು ನನ್ನ ಚಿಕ್ಕ ತಕರಾರು.

ಕರಂಜಿನ್ನಿನ ಒಂದು ಅಣುವಿನಲ್ಲಿ 18 ಕಾರ್ಬನ್, 12 ಹೈಡ್ರೋಜನ್, 4 ಆಕ್ಸಿಜನ್ ಪರಮಾಣುಗಳಿವೆ. ಇವು ಯಾವ ಕ್ರಮದಲ್ಲಿ ಕೂತಿವೆ? ಇಂದಾದರೆ ಯಂತ್ರಕ್ಕೆ ಕೊಟ್ಟರೆ ಒಂದು ಮಧ್ಯಾಹ್ನದೊಳಗೆ ಚಿತ್ರ ಬರುತ್ತದೆ. ಆಗ ಅಂಥ ಯಂತ್ರ ಇರಲಿಲ್ಲ. ಅಣುವನ್ನು ಕ್ಷಾರದಲ್ಲಿ ಕುದಿಸಿ ಮುರಿಯಬೇಕು. ಮುರಿದ ಚೂರುಗಳನ್ನು ಹೆಕ್ಕಿ ಅವು ಯಾವುವೆಂದು ಗುರುತಿಸಬೇಕು. ಕರಂಜಿನ್ ಮುರಿದಾಗ ಒಂದು ಕಡೆ ಬೆಂಜೋಯಿಕ್ ಆಮ್ಲ, ಇನ್ನೊಂದು ಕಡೆ ಕರಂಜಿಕ್ ಆಮ್ಲ ಎಂಬ ಹೊಸ ವಸ್ತು ಸಿಕ್ಕವು. ಇಷ್ಟು ಚೂರುಗಳಿಂದ ಮೂಲ ಹೇಗಿದ್ದಿರಬಹುದೆಂದು ಊಹಿಸಬೇಕು. ಆಮೇಲೆ ಆ ಊಹೆಯಂತೆ, ಗೊತ್ತಿರುವ ಸರಳ ರಾಸಾಯನಿಕಗಳಿಂದ ಒಂದೊಂದೇ ಹಂತ ಹತ್ತಿ ಅದೇ ವಸ್ತುವನ್ನು ಕಟ್ಟಬೇಕು. ಕೊನೆಗೆ ಮರದಿಂದ ಬಂದ ಹರಳನ್ನೂ ಕೈಯಿಂದ ಕಟ್ಟಿದ ಹರಳನ್ನೂ ಬೆರೆಸಿ ಕಾಯಿಸಬೇಕು. ಎರಡೂ ಒಂದೇ ಆಗಿದ್ದರೆ ಮಿಶ್ರಣ ಅದೇ ಉಷ್ಣತೆಯಲ್ಲಿ ಕರಗುತ್ತದೆ. ಬೇರೆಯಾಗಿದ್ದರೆ ಮೊದಲೇ ಕರಗಿ ಗುಟ್ಟು ರಟ್ಟಾಗುತ್ತದೆ. ಬೇರೆಯವರು ಬರೆದ ಪ್ರೋಗ್ರಾಮಿನ ಮೂಲ ಕೋಡ್ ಸಿಗದಿದ್ದಾಗ, ಅದು ಎಲ್ಲೆಲ್ಲಿ ಹೇಗೆ ಮುರಿಯುತ್ತದೆ ಎಂದು ನೋಡಿ ಒಳಗಿನ ಲೆಕ್ಕ ಊಹಿಸುವ ಕೆಲಸ ನಾವೂ ಮಾಡುತ್ತೇವೆ. ನಮ್ಮದು ತಪ್ಪಿದರೆ ಮತ್ತೊಂದು ಸಲ ಗುಂಡಿ ಒತ್ತಿದರಾಯಿತು. ಅವರಿಗೆ ತಪ್ಪಿದರೆ ಮುಂದಿನ ವರ್ಷದ ಹೊಂಗೆಕಾಯಿಗೆ ಕಾಯಬೇಕಿತ್ತೇನೋ!

ರಚನೆ ಗೊತ್ತಾದುದರಿಂದ ಏನಾಯಿತು ಎಂದು ಕೇಳಬಹುದು. ವಾಲ್ಟೇರಿನ ತಂಡ ಇಂಥ ವಸ್ತುಗಳನ್ನು ಚಿಕ್ಕ ಮೀನುಗಳ ಮೇಲೆ ಪ್ರಯೋಗಿಸಿ, ಅಣುವಿನ ಯಾವ ಭಾಗ ಇದ್ದರೆ ವಿಷಗುಣ ಹೆಚ್ಚುತ್ತದೆ, ಯಾವುದನ್ನು ತೆಗೆದರೆ ಕಡಿಮೆಯಾಗುತ್ತದೆ ಎಂದು ಪಟ್ಟಿ ಮಾಡತೊಡಗಿತು. ಅಜ್ಜಂದಿರ ಮೀನು ಹಿಡಿಯುವ ಉಪಾಯ ಹೀಗೆ ಲೆಕ್ಕದ ಪುಸ್ತಕಕ್ಕೆ ಬಂತು. ಕರಂಜಿನ್ನಿನ ಇನ್ನೊಂದು ಗುಣವನ್ನು ಮುಂದೆ ಬೇರೆಯವರು ಗುರುತಿಸಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯಾ ರೂಪದ ಸಾರಜನಕವನ್ನು ನೈಟ್ರೇಟ್ ಮಾಡುತ್ತವೆ, ನೈಟ್ರೇಟ್ ನೀರಿನೊಡನೆ ಸುಲಭವಾಗಿ ಕೊಚ್ಚಿಹೋಗುತ್ತದೆ. ಕರಂಜಿನ್ ಆ ಜೀವಿಗಳ ಕೆಲಸವನ್ನು ನಿಧಾನ ಮಾಡುತ್ತದೆ. ಹೊಂಗೆ ಹಿಂಡಿ ಹಾಕಿದ ತೋಟದಲ್ಲಿ ಗೊಬ್ಬರದ ಸಾರ ತಡವಾಗಿ ಕರಗುವುದಕ್ಕೆ ಇದೂ ಒಂದು ಕಾರಣ. 2015ರಿಂದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪನ ಕಡ್ಡಾಯವಾದದ್ದರ ಹಿಂದೆ ಇರುವುದೂ ಇಂಥದೇ ತತ್ತ್ವ. ಆದ್ದರಿಂದ ಹಿಂಡಿ ಹಾಕುವ ನಮ್ಮ ರೈತರು ಬಹಳ ಹಿಂದಿನಿಂದ ಮಾಡುತ್ತಿದ್ದುದು ಸರಿಯೇ. ಹೊಂಗೆ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂದು ಅವರು ಹೇಳುತ್ತಿದ್ದುದೂ ಅಷ್ಟೇ ಸರಿ.

ಎರಡನೇ ಮಹಾಯುದ್ಧ ಈ ಕೆಲಸಕ್ಕೆ ಅಡ್ಡಬಂತು. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ವಿಶ್ವವಿದ್ಯಾನಿಲಯದ ಆವರಣ ಸೈನ್ಯದ ವಶವಾಯಿತು, ತರಗತಿಗಳು ಗುಂಟೂರಿಗೆ ಹೋದವು. ಒಂಬತ್ತು ವರ್ಷ ಕಷ್ಟಪಟ್ಟು ಜೋಡಿಸಿದ ಪ್ರಯೋಗಾಲಯವನ್ನು ಕಳಚಿ, ಗಾಜಿನ ಸಾಮಾನು ಒಡೆಯದಂತೆ ಕಟ್ಟಿ, ಬೇರೆ ಊರಿನಲ್ಲಿ ಮತ್ತೆ ಹೂಡುವುದು ಸುಲಭದ ಮಾತಲ್ಲ. ಆದರೂ ಆ ವರ್ಷಗಳಲ್ಲಿ ಅವರ ಪ್ರಬಂಧಗಳು ನಿಲ್ಲಲಿಲ್ಲ. ಅವು ಅಚ್ಚಾಗುತ್ತಿದ್ದುದು ಎಲ್ಲಿ ಗೊತ್ತೇ? ಸಿ. ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ವಿದೇಶದ ಪತ್ರಿಕೆಗಳಲ್ಲಿ ಬರೆದರೆ ಮಾತ್ರ ಗೌರವ ಎಂಬ ಭಾವನೆ ಇದ್ದ ಕಾಲದಲ್ಲಿ ಶೇಷಾದ್ರಿಯವರು ತಮ್ಮ ಒಳ್ಳೆಯ ಕೆಲಸವನ್ನು ಸಾಲುಸಾಲಾಗಿ ಬೆಂಗಳೂರಿಗೆ ಕಳಿಸಿದರು.

ಕಲ್ಲುಹೂವಿನ ಬಗ್ಗೆ ಒಂದು ಮಾತು. ಮಧುಗಿರಿ ಬೆಟ್ಟ ಹತ್ತಿದವರು ಬಂಡೆಯ ಮೇಲೆ ಬೂದು, ಹಸಿರು, ಕಿತ್ತಳೆ ಬಣ್ಣದ ತೇಪೆಗಳನ್ನು ನೋಡಿರುತ್ತಾರೆ. ಅವು ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಸಂಸಾರ ಮಾಡುವ ಕಲ್ಲುಹೂಗಳು. ಮಸಾಲೆಗೆ ಹಾಕುವ ಕಲ್ಲುಹೂ ಆ ಬಳಗದ್ದೇ ಒಂದು. ಬರಿ ಬಂಡೆಯ ಮೇಲೆ ಬಿಸಿಲು ಗಾಳಿ ಉಂಡು ಬದುಕುವ ಈ ಜೀವಿಗಳು ಬೇರೆ ಗಿಡಗಳಲ್ಲಿ ಅಪರೂಪವಾದ ಆಮ್ಲಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಕೆಲವು ಸೂಕ್ಷ್ಮಾಣುಗಳ ಬೆಳವಣಿಗೆ ತಡೆಯುತ್ತವೆ. ಶೇಷಾದ್ರಿಯವರು ಭಾರತದ ಕಲ್ಲುಹೂಗಳ ರಸಾಯನದ ಮೇಲೆ ಪ್ರಬಂಧಗಳ ಒಂದು ಮಾಲಿಕೆಯನ್ನೇ ಬರೆದರು.

1949ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಉಪಕುಲಪತಿ ಸರ್ ಮಾರಿಸ್ ಗ್ವಯರ್ ಅವರ ಕರೆಯ ಮೇರೆಗೆ ಅಲ್ಲಿಗೆ ಹೋದರು. ಐವತ್ತರ ಹೊಸ್ತಿಲಲ್ಲಿ ಮತ್ತೊಂದು ಪ್ರಯೋಗಾಲಯ ಕಟ್ಟುವ ಕೆಲಸ. ಅಲ್ಲಿ ಮುತ್ತುಗದ ಹೂವು ಕೈಗೆ ಬಂತು. ಬೇಸಿಗೆಯ ಮೊದಲಿಗೆ ಎಲೆಯುದುರಿ ಬೆಂಕಿ ಹತ್ತಿದಂತೆ ಕಾಣುವ ಮರ ಅದು. ಅದರ ಹೂವಿನಲ್ಲಿರುವ ಬ್ಯುಟ್ರಿನ್, ಐಸೋಬ್ಯುಟ್ರಿನ್ ಎಂಬ ವಸ್ತುಗಳ ರಚನೆಯನ್ನು ಅವರ ತಂಡ ಬಿಡಿಸಿತು. ರಕ್ತಚಂದನದ ಕೆಂಪು, ಬೀಟೆ ಮತ್ತು ಹೊನ್ನೆಯ ತಿರುಳು ಇವುಗಳ ಮೇಲೆ ಕೊನೆಯ ವರ್ಷಗಳವರೆಗೂ ದುಡಿದರು. ಹೊನ್ನೆ, ಬೀಟೆ ಜಾತಿಯ ಮರಗಳ ತಿರುಳಿನ ಬಗ್ಗೆ 1972ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಒಂದು ದೀರ್ಘ ಸಮೀಕ್ಷೆ ಬರೆದಿದ್ದಾರೆ.

ಹೊನ್ನೆ ಎಂದಾಗ ನಾನು ಸ್ವಲ್ಪ ಪಕ್ಕಕ್ಕೆ ಸರಿಯಲೇಬೇಕು. ಜಾತ್ರೆಗಳಲ್ಲಿ ಹೊನ್ನೆ ಮರದ ಲೋಟ ಮಾರುವುದನ್ನು ಎಲ್ಲರೂ ನೋಡಿರುತ್ತೀರಿ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎನ್ನುತ್ತಾರೆ. ಆ ನೀರನ್ನು ಬಿಸಿಲಿಗೆ ಹಿಡಿದರೆ ನೀಲಿ ಹೊಳಪು ಬರುತ್ತದೆ, ನೋಡಿದವರಿಗೆ ನಂಬಿಕೆ ಹುಟ್ಟಲು ಅಷ್ಟು ಸಾಕು. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಲೋಟ ಕೊಂಡ ಮೇಲೆ ವೈದ್ಯರು ಬರೆದ ಮಾತ್ರೆ ನಿಲ್ಲಿಸಿದರು. ಎಂಟು ತಿಂಗಳಲ್ಲಿ ಕಾಲಿನ ಗಾಯ ಮಾಗದೆ ಎರಡು ಬೆರಳು ತೆಗೆಯಬೇಕಾಯಿತು. ಅವರು ಹೇಳುತ್ತಿದ್ದ ಒಂದೇ ವಾದ, ಅದರಲ್ಲಿ ಔಷಧಿ ಇದೆ ಎಂದು ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಎಂಬುದು. ಇದರಲ್ಲಿ ಅರ್ಧ ನಿಜ ಇರುವುದರಿಂದಲೇ ಇದು ಅಪಾಯ. ಹೊನ್ನೆಯ ತಿರುಳಿನಲ್ಲಿ ಟೆರೊಸ್ಟಿಲ್ಬೀನ್ ಮುಂತಾದ ವಸ್ತುಗಳಿರುವುದು ನಿಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರಗಳು ಹೊನ್ನೆಯ ಸಾರವನ್ನು ರೋಗಿಗಳ ಮೇಲೆ ಪರೀಕ್ಷಿಸಿ 1998ರಲ್ಲಿ ಉತ್ತೇಜನಕರ ವರದಿ ಕೊಟ್ಟದ್ದೂ ನಿಜ. ಆದರೆ ಆ ರೋಗಿಗಳು ಕಾಯಿಲೆ ಹೊಸದಾಗಿ ಪತ್ತೆಯಾದವರು. ಸಾರವನ್ನು ಅಳತೆ ಮಾಡಿ ಕೊಟ್ಟಿದ್ದರು, ರಕ್ತ ಪರೀಕ್ಷೆ ಮಾಡುತ್ತಾ ವೈದ್ಯರು ಜೊತೆಯಲ್ಲೇ ಇದ್ದರು. ಜಾತ್ರೆಯ ಲೋಟದಲ್ಲಿ ಎಷ್ಟು ವಸ್ತು ನೀರಿಗೆ ಇಳಿಯುತ್ತದೆ, ಆರು ತಿಂಗಳು ತೊಳೆದ ಲೋಟದಲ್ಲಿ ಎಷ್ಟು ಉಳಿದಿರುತ್ತದೆ, ಅದು ನಿಜವಾಗಿ ಹೊನ್ನೆಯೇ ಹೌದೇ ಎಂದು ಅಳೆದವರು ಯಾರು?

ಶೇಷಾದ್ರಿಯವರ ಪ್ರಬಂಧಗಳನ್ನು ಓದಿದಾಗ ನನಗೆ ಹಿಡಿಸಿದ್ದು ಈ ವಿಷಯದಲ್ಲಿ ಅವರಿಗಿದ್ದ ಹದ. ಗಿಡದಲ್ಲಿ ಇಂಥ ವಸ್ತು ಇದೆ, ಅದರ ರಚನೆ ಇದು, ಇಷ್ಟು ಉಷ್ಣತೆಯಲ್ಲಿ ಕರಗುತ್ತದೆ ಎಂದು ಬರೆದು ನಿಲ್ಲಿಸುತ್ತಾರೆ. ನಾನು ಓದಿದ ಯಾವ ಪ್ರಬಂಧದಲ್ಲೂ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತು ಸಿಕ್ಕಲಿಲ್ಲ. ಅವರ ಕಾಲದಲ್ಲೇ ಇದಕ್ಕೆ ಒಂದು ಪಾಠ ನಡೆದಿತ್ತು. 1936ರಲ್ಲಿ ಹಂಗೆರಿಯ ವಿಜ್ಞಾನಿ ಸೆಂಟ್ ಜ್ಯೋರ್ಜಿ ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಲೇವನಾಯ್ಡ್‌ಗಳನ್ನು ವಿಟಮಿನ್ ಪಿ ಎಂದು ಕರೆದರು. ಜಗತ್ತೆಲ್ಲ ನಂಬಿತು. ಹೆಚ್ಚಿನ ಪರೀಕ್ಷೆಗಳಲ್ಲಿ ಅದು ವಿಟಮಿನ್ ಎನ್ನಲು ಆಧಾರ ಸಿಗದೆ 1950ರ ಸುಮಾರಿಗೆ ಆ ಹೆಸರನ್ನೇ ಕೈಬಿಟ್ಟರು. ನಾವು ತಿಂದ ಫ್ಲೇವನಾಯ್ಡ್‌ಗಳಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ, ಉಳಿದದ್ದನ್ನು ಕರುಳಿನ ಬ್ಯಾಕ್ಟೀರಿಯಾಗಳು ಮುರಿದು ಬೇರೆಯದನ್ನೇ ಮಾಡುತ್ತವೆ. ಗಾಜಿನ ತಟ್ಟೆಯಲ್ಲಿ ಜೀವಕೋಶದ ಮೇಲೆ ಸುರಿದಾಗ ಕಾಣುವ ಪರಿಣಾಮ ಮೈಯೊಳಗೆ ಕಾಣಲೇಬೇಕೆಂದಿಲ್ಲ.

ಕೊನೆಯ ಹಂತದವರೆಗೂ ಗೆದ್ದು ಬಂದ ಗಿಡಗಳೂ ಇವೆ. ಬೇಲಿಯ ಆಡುಸೋಗೆಯನ್ನೇ ನೋಡಿ. ಕೆಮ್ಮಿಗೆ ಅದರ ಕಷಾಯ ಮಾಡುತ್ತಿದ್ದೆವು. ಅದರಲ್ಲಿರುವ ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್ ಮಾದರಿಯಾಗಿ ಬ್ರೋಮ್‌ಹೆಕ್ಸಿನ್ ಬಂತು. ಕಫ ಕರಗಿಸುವ ಸಿರಪ್ಪುಗಳ ಬಾಟಲಿಯ ಮೇಲೆ ಈ ಹೆಸರು ಓದಿರಬಹುದು. ಸರ್ಪಗಂಧದಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದ ರಿಸರ್ಪಿನ್ ರಕ್ತದೊತ್ತಡಕ್ಕೆ ದೊಡ್ಡ ಔಷಧಿಯಾಯಿತು. ಪ್ರಮಾಣ ಹೆಚ್ಚಾದರೆ ಮನಸ್ಸು ಕುಗ್ಗಿಸುತ್ತದೆ ಎಂಬುದೂ ಬಳಸುತ್ತಾ ತಿಳಿಯಿತು. ಪ್ರಮಾಣ ಇಷ್ಟೇ ಎಂದು ಅಳೆಯಲು ಆಗಿದ್ದು ವಸ್ತುವನ್ನು ಮೊದಲು ಯಾರೋ ಶುದ್ಧವಾಗಿ ಬೇರ್ಪಡಿಸಿದ್ದರಿಂದ. ಶೇಷಾದ್ರಿಯವರಂಥವರು ಮಾಡಿದ್ದು ಆ ಮೊದಲ ಕೆಲಸ. ಅದಿಲ್ಲದೆ ಎರಡನೆಯದಿಲ್ಲ, ಆದರೆ ಅದೊಂದೇ ಔಷಧಿಯೂ ಅಲ್ಲ. ಸಿದ್ಧರಬೆಟ್ಟದ ತಪ್ಪಲಿನಲ್ಲಿ ಬೇರು, ತೊಗಟೆ ಕೊಳ್ಳುವಾಗ ಇದನ್ನು ನೆನೆಸಿಕೊಂಡರೆ ನನಗೆ ಸಂತೋಷ.

ಮತ್ತೆ ಮೇಷ್ಟ್ರ ಕಥೆಗೆ. 1960ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. 1963ರಲ್ಲಿ ಪದ್ಮಭೂಷಣ ಬಂತು. ಅವರ ವಿಭಾಗ ನಿಸರ್ಗಜನ್ಯ ವಸ್ತುಗಳ ರಸಾಯನಕ್ಕೆ ದೇಶದ ಉನ್ನತ ಅಧ್ಯಯನ ಕೇಂದ್ರವಾಯಿತು. 1965ರಲ್ಲಿ ನಿವೃತ್ತರಾದಾಗ ದೆಹಲಿ ವಿಶ್ವವಿದ್ಯಾನಿಲಯ ಅವರನ್ನು ತನ್ನ ಮೊಟ್ಟಮೊದಲ ಗೌರವ ವಿಶ್ರಾಂತ ಪ್ರಾಧ್ಯಾಪಕರನ್ನಾಗಿ ಮಾಡಿತು. ವಿಶ್ರಾಂತಿ ಹೆಸರಿನಲ್ಲಿ ಮಾತ್ರ ಇತ್ತು, ಶಿಷ್ಯರೂ ಪ್ರಯೋಗಗಳೂ ಹಾಗೆಯೇ ಮುಂದುವರಿದವು. 1967-68ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಎಂದು ಈಗ ಕರೆಯುವ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಬರೆದ ಪ್ರಬಂಧಗಳು ಸಾವಿರಕ್ಕೂ ಹೆಚ್ಚು. ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದವರು ಸುಮಾರು 160 ಜನ.

ಪ್ರಶಸ್ತಿಗಳಿಗಿಂತ ಈ 160 ಎಂಬ ಸಂಖ್ಯೆಯೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಮೂರು ವರ್ಷ, ನಾಲ್ಕು ವರ್ಷ ಒಬ್ಬೊಬ್ಬ ಹುಡುಗನ ಪಕ್ಕದಲ್ಲಿ ನಿಂತು, ಹರಳು ಸರಿಯಾಗಿ ಬಂದಿದೆಯೇ ನೋಡಿ, ಬರೆದದ್ದನ್ನು ತಿದ್ದಿ ಕಳಿಸಿದ್ದು. ಅವರು ದೇಶದ ಕಾಲೇಜುಗಳಿಗೆ, ಔಷಧಿ ಕಾರ್ಖಾನೆಗಳಿಗೆ ಹೋಗಿ ಮತ್ತಷ್ಟು ಜನರಿಗೆ ಕಲಿಸಿದರು. ಬೆಂಗಳೂರಿನಲ್ಲೂ ಅವರ ಶಿಷ್ಯರು ಪಾಠ ಮಾಡಿದ್ದಾರೆ. ಶಾಲಾ ಮೇಷ್ಟ್ರ ಮಗ ಮೇಷ್ಟ್ರಾಗಿಯೇ ಉಳಿದರು.

1975ರ ಸೆಪ್ಟೆಂಬರ್ 27ರಂದು ಶೇಷಾದ್ರಿಯವರು ತೀರಿಕೊಂಡರು. ಹಾಗೆ ನೋಡಿದರೆ ನಮ್ಮ ಶಾಲೆಯ ಮೊದಲ ಬ್ಯಾಚಿನವರು ಅಕ್ಷರ ಕಲಿಯುವ ಹೊತ್ತಿಗೆ ಅವರು ಇನ್ನೂ ದೆಹಲಿಯಲ್ಲಿ ಮರದ ತಿರುಳನ್ನು ಪರೀಕ್ಷಿಸುತ್ತಿದ್ದರು.

ವಿಜ್ಞಾನ ಕಲಿಸುವ ಈಗಿನ ಗುರುಗಳಲ್ಲಿ ಒಂದು ಕೋರಿಕೆ ಇದೆ. ಫ್ಲೇವನಾಯ್ಡ್ ಇದೆಯೇ ಎಂದು ನೋಡುವ ಸರಳ ಪರೀಕ್ಷೆಯನ್ನು ನಮ್ಮ ಶಾಲೆಯ ಪ್ರಯೋಗಾಲಯದಲ್ಲೇ ಮಾಡಬಹುದು. ಈರುಳ್ಳಿಯ ಹೊರಸಿಪ್ಪೆಯನ್ನೋ ಚೆಂಡುಹೂವಿನ ಪಕಳೆಯನ್ನೋ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿದ ದ್ರವಕ್ಕೆ ಮೆಗ್ನೀಸಿಯಂ ಪಟ್ಟಿಯ ಚೂರು ಹಾಕಿ, ಮೇಲೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಬಿಟ್ಟರೆ ಹಳದಿ ದ್ರವ ನಿಧಾನಕ್ಕೆ ಕೆಂಪಿಗೆ ತಿರುಗುತ್ತದೆ. ಆಮ್ಲವನ್ನು ಗುರುಗಳೇ ಹಾಕಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಮೆಗ್ನೀಸಿಯಂ ಪಟ್ಟಿ ಪ್ರತಿ ಪ್ರೌಢಶಾಲೆಯಲ್ಲೂ ಇರುತ್ತದೆ, ವರ್ಷಕ್ಕೊಮ್ಮೆ ಸುಟ್ಟು ಬೆಳಕು ತೋರಿಸಿ ಮತ್ತೆ ಡಬ್ಬಿಗೆ ಹಾಕುತ್ತೇವೆ. ಶೇಷಾದ್ರಿಯವರು ಅಕಾಡೆಮಿಯ ಪತ್ರಿಕೆಗೆ ಬರೆದ ಪ್ರಬಂಧಗಳನ್ನು ಅಕಾಡೆಮಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಹೊಂಗೆ, ಪುಂಡಿ, ಚೆಂಡುಹೂ, ಕಲ್ಲುಹೂ ಈ ನಾಲ್ಕರ ಮೇಲಿನವುಗಳನ್ನು ಮುದ್ರಿಸಿ, ರಟ್ಟು ಹಾಕಿಸಿ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿವೆ, ಆದರೆ ಚಿತ್ರ ನೋಡಿ ಅರ್ಥ ಮಾಡಿಕೊಳ್ಳುವಷ್ಟು ಹತ್ತನೇ ತರಗತಿಯ ರಸಾಯನಶಾಸ್ತ್ರ ಸಾಕು.